ಒಲೆ ಆರಿದ ಮೇಲೆ

ಟೋಕಿಯೊದ ಯನಾಕಕ್ಕೆ ಸಮಕಾಲೀನ ಕಲೆ ನೋಡಲು ಹೋದವರನ್ನು ಮೊದಲು ಎದುರುಗೊಳ್ಳುವುದು ಚಪ್ಪಲಿ ಗೂಡು. ಹೆಂಚಿನ ಮಾಡು, ಅದರ ಹಿಂದೆ ಎತ್ತರದ ಹೊಗೆಕೊಳವೆ, ಬಾಗಿಲ ಬಳಿ ಮರದ ಪುಟ್ಟ ಗೂಡುಗಳ ಸಾಲು. ಒಳಗೆ ಮಾತ್ರ ಬಿಳಿ ಗೋಡೆ, ಸಿಮೆಂಟು ನೆಲ, ಮೇಲಿನಿಂದ ಇಳಿಯುವ ಬೆಳಕು. ಇದು ‘ಸ್ಕೈ ದ ಬಾತ್‌ಹೌಸ್’ ಗ್ಯಾಲರಿ. 1787ರಲ್ಲಿ ಶುರುವಾದ ಕಾಶಿವಾಯು ಎಂಬ ಸ್ನಾನದ ಮನೆ ಇದಾಗಿತ್ತು. ಈಗಿನ ಕಟ್ಟಡ 1951ರದು. 1993ರಲ್ಲಿ ಗ್ಯಾಲರಿಯಾಯಿತು. ಹಬೆ ಮೇಲೇರಲೆಂದು ಎತ್ತರಿಸಿದ ಚಾವಣಿ ದೊಡ್ಡ ಶಿಲ್ಪಗಳಿಗೆ ಹೇಳಿ ಮಾಡಿಸಿದಂತಿದೆ.

ಸ್ನಾನದ ಮನೆಗಳು ಖಾಲಿಯಾದದ್ದಕ್ಕೆ ಕಾರಣ ಸರಳ: ಮನೆಮನೆಗೂ ಬಚ್ಚಲು ಬಂತು. 1968ರಲ್ಲಿ ಟೋಕಿಯೊದಲ್ಲಿ ‘ಸೆಂಟೋ’ ಎಂಬ ಸಾರ್ವಜನಿಕ ಸ್ನಾನದ ಮನೆಗಳು 2,600ಕ್ಕೂ ಹೆಚ್ಚಿದ್ದವು. ಇಂದು 500 ಕೂಡ ಇಲ್ಲ.

ಆದರೆ ಹಳೆಯ ಕಟ್ಟಡ ಉಳಿಸುವ ಕೆಲಸ ಜಪಾನಿನಲ್ಲಿ ಗ್ಯಾಲರಿ, ಕೆಫೆಗಳಿಂದ ಶುರುವಾದದ್ದಲ್ಲ, ಹಟದಿಂದ. ಕಿಸೊ ಕಣಿವೆಯ ತ್ಸುಮಾಗೊ ಎಂಬ ಹಳೆಯ ಹೆದ್ದಾರಿಯ ಊರಿನವರು 1968ರಲ್ಲಿ ತಮ್ಮ ಬೀದಿಯನ್ನು ದುರಸ್ತಿ ಮಾಡತೊಡಗಿದರು. 1971ರಲ್ಲಿ ಊರೇ ಸೇರಿ ಒಂದು ಕಟ್ಟಳೆ ಮಾಡಿಕೊಂಡಿತು: ಮಾರಬಾರದು, ಬಾಡಿಗೆಗೆ ಕೊಡಬಾರದು, ಕೆಡವಬಾರದು. ಒಂಟಿ ದೇಗುಲ, ಕೋಟೆಗಳಷ್ಟೇ ಅಲ್ಲ, ಇಡೀ ಬೀದಿಯೂ ಕಾಪಾಡಬೇಕಾದ ಆಸ್ತಿ ಎಂದು ಕಾನೂನು ಒಪ್ಪಿದ್ದು 1975ರಲ್ಲಿ. ತ್ಸುಮಾಗೊದ ಕಟ್ಟಳೆಯನ್ನು ಮೆಚ್ಚಬಹುದು, ಎಲ್ಲೆಡೆ ಪಾಲಿಸಲಾಗದು. ಬಾಡಿಗೆಗೂ ಕೊಡದ ಮನೆಯಲ್ಲಿ ಹೊಸಬರು ಒಲೆ ಹಚ್ಚುವುದು ಹೇಗೆ?

ಬಳಸುತ್ತಲೇ ಉಳಿಸುವ ದಾರಿ ಅದೇ ಹೊತ್ತಿಗೆ ಬೇರೆ ಕಡೆ ತೆರೆಯಿತು. ಕುರಾಶಿಕಿಯಲ್ಲಿ 1889ರ ಹತ್ತಿ ಗಿರಣಿ 1974ರಲ್ಲಿ ‘ಐವಿ ಸ್ಕ್ವೇರ್’ ಎಂಬ ಹೋಟೆಲು ಸಮುಚ್ಚಯವಾಯಿತು. ಹೊಕ್ಕೈಡೊದ ಒತಾರುವಿನಲ್ಲಿ ಕಾಲುವೆ ಮುಚ್ಚಿ ರಸ್ತೆ ಮಾಡುವ ಯೋಜನೆಯ ವಿರುದ್ಧ 1973ರಿಂದ ಹೋರಾಟ ನಡೆಯಿತು. ಕೊನೆಗೆ ಕಾಲುವೆಯ ಅರ್ಧ ಅಗಲ ಮಾತ್ರ ಉಳಿಯಿತು. ಊರಿನ ಗೋದಾಮುಗಳ ನಸೀಬು ವಾಸಿ. ಹೆರಿಂಗ್ ಮೀನು ತುಂಬಿಡುತ್ತಿದ್ದ 1891ರ ಕಲ್ಲುಗೋದಾಮೊಂದರಲ್ಲಿ ‘ಕಿತಾಯಿಚಿ’ ಗಾಜಿನ ಕಂಪನಿ 1983ರಲ್ಲಿ ಅಂಗಡಿ ತೆರೆಯಿತು. ಅಲ್ಲಿನ ಕಾಫಿ ಹಜಾರದಲ್ಲಿ 167 ಎಣ್ಣೆದೀಪಗಳಿವೆ. ಸಿಬ್ಬಂದಿ ದಿನಾ ಬೆಳಿಗ್ಗೆ ಒಂದೊಂದನ್ನೇ ಕೈಯಾರೆ ಹಚ್ಚುತ್ತಾರೆ. ನಡುವಿನ ಹಾದಿಯಲ್ಲಿ ಮೀನಿನ ಗಾಡಿ ಓಡುತ್ತಿದ್ದ ಕಂಬಿ ಹಾಗೇ ಇದೆ.

ಕ್ಯೋಟೊದ ಕಷ್ಟ ಬೇರೆ. ಅಲ್ಲಿನ ‘ಮಾಚಿಯಾ’ ಮುಂದೆ ಅಂಗಡಿ, ಹಿಂದೆ ಸಂಸಾರ ಇರುವ ಕಿರಿದಾದ, ಉದ್ದುದ್ದದ ಮನೆ. ನಗರಾಡಳಿತ 2016ರಲ್ಲಿ ಎಣಿಸಿದಾಗ ಸುಮಾರು 40,000 ಸಿಕ್ಕವು. ಅದಕ್ಕೆ ಹಿಂದಿನ ಏಳು ವರ್ಷಗಳಲ್ಲಿ ಸುಮಾರು 5,600 ನೆಲಕ್ಕುರುಳಿದ್ದವು. ದಿನಕ್ಕೆ ಎರಡು! ಹೀಗಿರುವಲ್ಲಿ ‘ಸರಸ ನಿಶಿಜಿನ್’ ಕೆಫೆಗೆ ಹೋದರೆ ಸಮಾಧಾನವೂ ಆಗುತ್ತದೆ, ಸಂಕಟವೂ ಆಗುತ್ತದೆ. ಇದೂ ಸ್ನಾನದ ಮನೆಯೇ, 2000ದಲ್ಲಿ ಕೆಫೆಯಾಯಿತು. ಗೋಡೆ ತುಂಬ ಉಬ್ಬುಚಿತ್ತಾರದ ಮಜೋಲಿಕಾ ಟೈಲ್ಸು. ಗಂಡಸರ ಕಡೆ, ಹೆಂಗಸರ ಕಡೆ ಎಂದು ಬೇರ್ಪಡಿಸಿದ್ದ ಗೋಡೆಯ ಕುರುಹು ಇನ್ನೂ ಇದೆ. ನೆರೆಹೊರೆ ಬೆತ್ತಲೆ ಕೂತು ಹರಟಿದ ಜಾಗದಲ್ಲಿ ಈಗ ಅಪರಿಚಿತರು ಕೇಕಿನ ಫೋಟೊ ತೆಗೆಯುತ್ತಾರೆ.

ಹಾಗಾಗಿ ನನಗೆ ಯನಾಕದ ಕಥೆಯೇ ಹೆಚ್ಚು ಹಿಡಿಸುತ್ತದೆ. 1923ರ ಭೂಕಂಪ, 1945ರ ಬಾಂಬು ಎರಡರಿಂದಲೂ ಬಹುಪಾಲು ಪಾರಾದ ಕೇರಿ ಅದು. ಕೆಫೆಗಳಿಗೆ ಮೊದಲು ಅಲ್ಲಿಗೆ ಬಂದದ್ದು ಬರವಣಿಗೆ: 1984ರಲ್ಲಿ ಮೋರಿ ಮಯುಮಿ ಮತ್ತು ಗೆಳತಿಯರು ಯನಾಕ, ನೆಜು, ಸೆಂದಗಿ ಕೇರಿಗಳಿಗಾಗಿಯೇ ಪುಟ್ಟ ಪತ್ರಿಕೆ ಶುರುಮಾಡಿ, ಹಿರಿಯರ ನೆನಪುಗಳನ್ನು ಬರೆದಿಟ್ಟರು. ಅದು 2009ರವರೆಗೆ ನಡೆಯಿತು. ಅದೇ ವರ್ಷ ಮೂಲೆಯ ‘ಕಯಾಬಾ ಕಾಫಿ’ ಮತ್ತೆ ಬಾಗಿಲು ತೆರೆಯಿತು. ಕಟ್ಟಡ 1916ರದು, ಕಾಫಿ 1938ರಿಂದ, 2006ರಲ್ಲಿ ನಿಂತುಹೋಗಿತ್ತು. ಹೊಸಬರು ಹಳದಿ ಬೋರ್ಡನ್ನೂ ಬಿಡಲಿಲ್ಲ, ಮೊಟ್ಟೆ ಸ್ಯಾಂಡ್‌ವಿಚ್ಚನ್ನೂ ಬಿಡಲಿಲ್ಲ. ಕಾಫಿಗೆ ಕೋಕೊ ಬೆರೆಸಿದ ‘ರಷ್ಯನ್’ ಎಂಬ ಪಾನೀಯವೂ ಉಳಿಯಿತು. ತೊಲೆ ಕಂಬಗಳಷ್ಟೇ ಮುಖ್ಯ ಅದರ ರುಚಿ ಎನ್ನುವುದು ಅವರಿಗೆ ಗೊತ್ತಿತ್ತು.

ಇನ್ನು ‘ಹಗಿಸೊ’ದ್ದು ತಿಥಿಯೂಟದಲ್ಲಿ ಸತ್ತವನೇ ಎದ್ದು ಬಂದ ಕಥೆ. 1955ರ ಮರದ ವಠಾರವದು. ಕಲಾ ವಿಶ್ವವಿದ್ಯಾಲಯದ ಹುಡುಗರು ಬಾಡಿಗೆಗಿದ್ದರು. 2011ರ ಭೂಕಂಪದ ಮೇಲೆ ಕೆಡವುವುದೆಂದು ತೀರ್ಮಾನವಾಯಿತು. ಕಟ್ಟಡಕ್ಕೊಂದು ಅಂತ್ಯಸಂಸ್ಕಾರ ಮಾಡೋಣವೆಂದು ಅವರು 2012ರಲ್ಲಿ ಮನೆಯನ್ನೇ ಪ್ರದರ್ಶನವಾಗಿಸಿದರು. ಮೂರು ವಾರದಲ್ಲಿ ಸುಮಾರು 1,500 ಜನ ಬಂದರು. ಮಾಲೀಕರ ಮನಸ್ಸು ಬದಲಾಯಿತು. ಅಲ್ಲೇ ವಾಸವಿದ್ದ ವಾಸ್ತುಶಿಲ್ಪಿ ಮಿಯಾಝಾಕಿ ಮಿತ್ಸುಯೋಶಿ ಅದನ್ನು ಕೆಫೆ, ಗ್ಯಾಲರಿಯಾಗಿ 2013ರಲ್ಲಿ ತೆರೆದರು.

ಈಚೆಗೆ ಸರ್ಕಾರವೂ ಗಂಟು ಸಡಿಲಿಸಿದೆ. ಮನೆಯನ್ನು ಅಂಗಡಿ, ಹೋಟೆಲು ಮಾಡುವಾಗ 200 ಚದರ ಮೀಟರಿನವರೆಗೆ ಪೂರ್ವಾನುಮೋದನೆಯ ಕಟ್ಟುಪಾಡು 2019ರಿಂದ ಇಲ್ಲ. ಮೊದಲು ಈ ಮಿತಿ 100 ಇತ್ತು. 2023ರ ಸಮೀಕ್ಷೆಯಲ್ಲಿ ದೇಶದ ಖಾಲಿ ಮನೆಗಳು ಸುಮಾರು 90 ಲಕ್ಷ. ಅಷ್ಟನ್ನೂ ಕೆಫೆ ಮಾಡಿದರೆ ಕುಡಿಯುವವರು ಯಾರು?

ಹಗಿಸೊದವರು 2015ರಲ್ಲಿ ಹತ್ತಿರದ ಇನ್ನೊಂದು ಹಳೆಯ ಮನೆಯನ್ನು ‘ಹನಾರೆ’ ಎಂಬ ತಂಗುದಾಣ ಮಾಡಿದರು. ಬಂದವರು ಮೊದಲು ಹಗಿಸೊದಲ್ಲೇ ಹೆಸರು ಬರೆಸಬೇಕು. ಬೆಳಗಿನ ತಿಂಡಿಯೂ ಅಲ್ಲೇ. ಸ್ನಾನಕ್ಕೆ ಕೈಯಲ್ಲೊಂದು ಚೀಟಿ ಕೊಟ್ಟು ಕೇರಿಯ ಸೆಂಟೋ ಕಡೆಗೆ ಕಳಿಸುತ್ತಾರೆ, ಇನ್ನೂ ನೀರು ಕಾಯುತ್ತಿರುವ ಸೆಂಟೋಗೆ.