ಬೋನ್ಸಾಯ್ ಕಲೆಗಾಗಿ ಕಾಡುಗಿಡಗಳ ಸಂಗ್ರಹಣೆ: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಮರವನ್ನು ಸಣ್ಣ ಕುಂಡದಲ್ಲಿ ಕುಬ್ಜವಾಗಿ ಬೆಳೆಸುವ ಬೋನ್ಸಾಯ್ ಅಥವಾ ವಾಮನ ವೃಕ್ಷ ಕಲೆಯು ಚೀನಾದಲ್ಲಿ ಹುಟ್ಟಿ, ಜಪಾನಿನಲ್ಲಿ ಬೆಳೆದು, ಇಂದು ಕರ್ನಾಟಕದಲ್ಲಿಯೂ ಅನೇಕರ ಹವ್ಯಾಸವಾಗಿರುತ್ತದೆ. ಬೀಜದಿಂದ ಬೆಳೆಸಿದ ಗಿಡಕ್ಕೆ ದಪ್ಪ ಕಾಂಡ ಹಾಗೂ ಮುಪ್ಪಿನ ಲಕ್ಷಣ ಬರಲು ಹಲವು ವರ್ಷಗಳು ಬೇಕಾಗುತ್ತವೆ. ಆದ್ದರಿಂದ ಬಂಡೆಯ ಬಿರುಕಿನಲ್ಲಿ, ಒಣ ಗುಡ್ಡದಲ್ಲಿ ಅಥವಾ ದನಕರುಗಳು ಮೇಯುವ ಬಯಲಿನಲ್ಲಿ ಪ್ರಕೃತಿಯೇ ಕುಬ್ಜಗೊಳಿಸಿದ ಗಿಡಗಳನ್ನು ಹುಡುಕಿ ತರುವ ಪದ್ಧತಿ ಬೆಳೆದು ಬಂದಿದೆ. ಜಪಾನಿನಲ್ಲಿ ಇದನ್ನು ಯಾಮಾಡೋರಿ ಎನ್ನುತ್ತಾರೆ.

ಇಂತಹ ಪ್ರತಿಯೊಂದು ಗಿಡಕ್ಕೂ ಒಬ್ಬ ಮಾಲೀಕನಿರುತ್ತಾನೆ. ಅರಣ್ಯದಲ್ಲಿ ಆ ಮಾಲೀಕ ಸರ್ಕಾರವೇ ಆಗಿರುತ್ತದೆ. ಅನುಮತಿಯಿಲ್ಲದೆ ಕಿತ್ತರೆ ಅದು ಅಪರಾಧ. ವಿಧಾನವರಿಯದೆ ಕಿತ್ತರೆ ಹತ್ತಾರು ವರ್ಷ ಬದುಕಿದ ಗಿಡವು ಕೆಲವೇ ವಾರಗಳಲ್ಲಿ ಒಣಗುತ್ತದೆ. ಬಹುಪಾಲು ಹವ್ಯಾಸಿಗಳಿಗೆ ಬೇಕಾದ ಗಿಡಗಳು ಅರಣ್ಯದ ಹೊರಗೇ ದೊರೆಯುತ್ತವೆ ಎಂಬುದನ್ನು ಸಾರ್ವಜನಿಕರು ಗಮನಿಸಬೇಕಾಗಿ ಕೋರಲಾಗಿದೆ.

1. ಗಿಡಗಳನ್ನು ಕೀಳಲು ಅವಕಾಶವಿಲ್ಲದ ಸ್ಥಳಗಳು

ಅ) ರಾಷ್ಟ್ರೀಯ ಉದ್ಯಾನಗಳು ಮತ್ತು ವನ್ಯಜೀವಿ ಧಾಮಗಳು: ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಕುದುರೆಮುಖ, ಅಣಶಿ ಮುಂತಾದ ರಕ್ಷಿತ ಪ್ರದೇಶಗಳಿಗೆ ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972 ಅನ್ವಯಿಸುತ್ತದೆ. ಇಲ್ಲಿ ವನ್ಯಜೀವಿಗಳ ಹಿತದೃಷ್ಟಿಯಿಂದ ಹೊರತು ಬೇರಾವ ಕಾರಣಕ್ಕೂ ಸಸ್ಯಗಳನ್ನು ತೆಗೆಯಲು ಪರವಾನಗಿ ನೀಡಲಾಗುವುದಿಲ್ಲ. ಕುದುರೆಮುಖದ ಶೋಲಾ ಕಾಡಿನ ಅಂಚಿನಲ್ಲಿ ಗಾಳಿಗೆ ಸಿಕ್ಕಿ ಗಿಡ್ಡವಾಗಿ ಬೆಳೆದ ಮರಗಳು ಹವ್ಯಾಸಿಗಳನ್ನು ಆಕರ್ಷಿಸುವುದು ಸಹಜ; ಆದರೆ ಅವುಗಳನ್ನು ನೋಡಿ ಆನಂದಿಸಬಹುದೇ ವಿನಾ ಮುಟ್ಟುವಂತಿಲ್ಲ.

ಆ) ಮೀಸಲು ಅರಣ್ಯಗಳು: ಕರ್ನಾಟಕ ಅರಣ್ಯ ಕಾಯ್ದೆ, 1963ರ ಪ್ರಕಾರ ಅರಣ್ಯದಲ್ಲಿನ ಮರ, ಗಿಡ, ಬಳ್ಳಿ, ಹಾವಸೆ, ಮೇಲ್ಮಣ್ಣು ಹಾಗೂ ಕಲ್ಲು ಎಲ್ಲವೂ ಅರಣ್ಯ ಉತ್ಪನ್ನಗಳಾಗಿರುತ್ತವೆ. ಗಿಡವನ್ನು ಬಿಟ್ಟು ಕುಂಡದ ಅಲಂಕಾರಕ್ಕೆಂದು ಹಾವಸೆಯನ್ನಷ್ಟೇ ತಂದರೂ ಈ ನಿಯಮ ಅನ್ವಯವಾಗುತ್ತದೆ. ಅಪರಾಧಕ್ಕೆ ಬಳಸಿದ ಉಪಕರಣ ಹಾಗೂ ವಾಹನಗಳನ್ನು ಜಪ್ತಿ ಮಾಡಿ ಮುಟ್ಟುಗೋಲು ಹಾಕಿಕೊಳ್ಳಲು ಕಾಯ್ದೆಯಲ್ಲಿ ಅವಕಾಶವಿದೆ.

ಇ) ದೇವರಕಾಡುಗಳು ಮತ್ತು ಜೀವವೈವಿಧ್ಯ ಪಾರಂಪರಿಕ ತಾಣಗಳು: ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಯಿತು. ಇಂತಹ ತಾಣಗಳಲ್ಲಿ ತಾನಾಗಿ ಮೊಳೆತ ಸಸಿಗಳೂ ಸಂರಕ್ಷಿತವೆಂದೇ ತಿಳಿಯತಕ್ಕದ್ದು.

ಈ) ಸಂರಕ್ಷಿತ ಸ್ಮಾರಕಗಳು: ಕೋಟೆ, ದೇವಾಲಯ ಹಾಗೂ ಪುಷ್ಕರಣಿಗಳ ಗೋಡೆಗಳಲ್ಲಿ ಬೆಳೆದ ಆಲ, ಅರಳಿ ಗಿಡಗಳ ಬೇರುಗಳು ಕಲ್ಲುಗಳ ಸಂದಿಯಲ್ಲಿ ಹೆಣೆದುಕೊಂಡಿರುತ್ತವೆ. ಅವುಗಳನ್ನು ಎಳೆದರೆ ಕಲ್ಲುಗಳೇ ಸಡಿಲಗೊಳ್ಳುವ ಅಪಾಯವಿದೆ. ಇವುಗಳನ್ನು ತೆಗೆಯುವ ಕಾರ್ಯವು ಸಂಬಂಧಪಟ್ಟ ಪುರಾತತ್ವ ಇಲಾಖೆಗೆ ಮಾತ್ರ ಸೇರಿದ್ದಾಗಿರುತ್ತದೆ.

2. ಅನುಮತಿ ಪಡೆದು ಸಂಗ್ರಹಿಸಬಹುದಾದ ಸ್ಥಳಗಳು

ಅ) ಖಾಸಗಿ ಕಟ್ಟಡಗಳು: ಹಕ್ಕಿಗಳ ಹಿಕ್ಕೆಯಿಂದ ಹಳೆಯ ಮನೆಯ ಗೋಡೆ, ಬಾವಿಯ ಕಟ್ಟೆ ಹಾಗೂ ತಾರಸಿಗಳಲ್ಲಿ ಆಲ, ಅರಳಿ, ಬಸರಿ, ಅತ್ತಿ ಗಿಡಗಳು ಮೊಳೆಯುತ್ತವೆ. ಮಣ್ಣು ಕಡಿಮೆಯಿರುವ ಕಾರಣ ಇವು ಸ್ವಾಭಾವಿಕವಾಗಿಯೇ ಕುಬ್ಜವಾಗಿರುತ್ತವೆ. ಕಟ್ಟಡಕ್ಕೆ ಹಾನಿಕಾರಕವಾದ್ದರಿಂದ ಮಾಲೀಕರು ಸಾಮಾನ್ಯವಾಗಿ ಸಂತೋಷದಿಂದಲೇ ಒಪ್ಪುತ್ತಾರೆ. ಹೊಸಬರಿಗೆ ಇದಕ್ಕಿಂತ ಸೂಕ್ತ ಮೂಲ ಬೇರೊಂದಿಲ್ಲ.

ಆ) ಕೆಡವಲಿರುವ ಮನೆಗಳ ಆವರಣ: ಹಳೆಯ ಬೇಲಿಯಲ್ಲಿನ ಕಾಗದದ ಹೂವಿನ ಗಿಡಗಳಿಗೆ ದಪ್ಪ ಕಾಂಡವಿದ್ದು, ಕಟಾವನ್ನು ಚೆನ್ನಾಗಿ ತಾಳಿಕೊಳ್ಳುತ್ತವೆ.

ಇ) ಖಾಸಗಿ ಜಮೀನು ಮತ್ತು ತೋಟಗಳು: ಹೊಲದ ಬದುವಿನ ಹುಣಸೆ, ಬೇಲ, ಕಾರೆ ಗಿಡಗಳು, ಮರುನಾಟಿಗಾಗಿ ಕೀಳುವ ಹಳೆಯ ಕಾಫಿ ಗಿಡಗಳು ಇತ್ಯಾದಿ. ಭೂಮಿಯ ಹಕ್ಕು ಮತ್ತು ಮರಗಳ ಹಕ್ಕು ಬೇರೆ ಬೇರೆಯಾಗಿರುವ ಸಂದರ್ಭಗಳೂ ಉಂಟು. ಕೊಡಗಿನ ಬಾಣೆ ಜಮೀನುಗಳು ಹಾಗೂ ಮಲೆನಾಡಿನ ಬೆಟ್ಟ ಭೂಮಿಗಳ ವಿಷಯದಲ್ಲಿ ಪಹಣಿಯನ್ನಷ್ಟೇ ನಂಬದೆ ವಲಯ ಅರಣ್ಯಾಧಿಕಾರಿಗಳನ್ನು ವಿಚಾರಿಸತಕ್ಕದ್ದು.

ಈ) ಗೋಮಾಳ ಮತ್ತು ರಸ್ತೆಬದಿ: ಇವು ಯಾರದೂ ಅಲ್ಲದ ಭೂಮಿಗಳಲ್ಲ. ಗೋಮಾಳಕ್ಕೆ ಕಂದಾಯ ಇಲಾಖೆ, ರಸ್ತೆಬದಿಗೆ ಲೋಕೋಪಯೋಗಿ ಇಲಾಖೆ ಅಥವಾ ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿ ಅವಶ್ಯಕ.

3. ಅನುಮತಿ ಪಡೆಯುವ ಕ್ರಮ

ಖಾಸಗಿ ಜಮೀನಿನಲ್ಲಿಯೂ ಮರಗಳನ್ನು ತೆಗೆಯಲು ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಅಡಿಯಲ್ಲಿ ವೃಕ್ಷಾಧಿಕಾರಿಗಳ ಪೂರ್ವಾನುಮತಿ ಬೇಕಾಗುತ್ತದೆ. ತೆಂಗು, ಸರ್ವೆ, ನೀಲಗಿರಿ, ಸಿಲ್ವರ್ ಓಕ್ ಮುಂತಾದ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಕೀಳಬೇಕೆಂದಿರುವ ಗಿಡವು ಈ ಕಾಯ್ದೆಯ ಅರ್ಥದಲ್ಲಿ ‘ಮರ’ವಾಗುವುದೇ ಎಂಬುದನ್ನು ವೃಕ್ಷಾಧಿಕಾರಿಗಳಿಂದಲೇ ತಿಳಿದುಕೊಳ್ಳುವುದು ಕ್ಷೇಮಕರ.

ಅರ್ಜಿಯೊಂದಿಗೆ ಈ ಕೆಳಕಂಡ ವಿವರಗಳನ್ನು ಒದಗಿಸಿದಲ್ಲಿ ಸ್ಥಳ ಪರಿಶೀಲನೆಗೆ ಅನುಕೂಲವಾಗುತ್ತದೆ:

• ಅರ್ಜಿದಾರರ ಹೆಸರು ಮತ್ತು ವಿಳಾಸ
• ಜಮೀನಿನ ಸರ್ವೆ ನಂಬರ್, ಗ್ರಾಮ, ತಾಲ್ಲೂಕು ಹಾಗೂ ಪಹಣಿಯ ಪ್ರತಿ
• ಮಾಲೀಕರ ಸಹಿಯುಳ್ಳ ಒಪ್ಪಿಗೆ ಪತ್ರ
• ಗಿಡದ ಜಾತಿ, ಸಂಖ್ಯೆ, ಎತ್ತರ, ಕಾಂಡದ ಸುತ್ತಳತೆ ಮತ್ತು ಭಾವಚಿತ್ರ
• ಕೀಳಲು ಉದ್ದೇಶಿಸಿದ ತಿಂಗಳು ಮತ್ತು ನೆಡುವ ಸ್ಥಳ

ಅರ್ಜಿ ಸಲ್ಲಿಸಿದ್ದಕ್ಕೆ ಸ್ವೀಕೃತಿ ಪಡೆಯತಕ್ಕದ್ದು. ಸಾಗಣೆಗೆ ರಹದಾರಿ ಬೇಕೇ ಎಂಬುದನ್ನು ಅದೇ ಕಚೇರಿಯಲ್ಲಿ ವಿಚಾರಿಸಿ, ಸಾಗಣೆಯ ವೇಳೆ ಎಲ್ಲ ಮೂಲ ಪತ್ರಗಳನ್ನು ಜೊತೆಯಲ್ಲಿರಿಸಿಕೊಳ್ಳಬೇಕು.

ವಿಶೇಷ ಸೂಚನೆ: 2001ರ ತಿದ್ದುಪಡಿಯ ನಂತರ ಶ್ರೀಗಂಧದ ಮರವು ಜಮೀನಿನ ಮಾಲೀಕರಿಗೇ ಸೇರಿದ್ದಾದರೂ, ಅದನ್ನು ತೆಗೆಯಲು ಮತ್ತು ಸಾಗಿಸಲು ಇಲಾಖೆಯ ಅನುಮತಿ ಕಡ್ಡಾಯ. ಶ್ರೀಗಂಧವು ನೆರೆಯ ಗಿಡಗಳ ಬೇರಿನಿಂದ ಆಹಾರ ಹೀರಿ ಬದುಕುವ ಸಸ್ಯವಾದ್ದರಿಂದ ಕಿತ್ತು ಒಂಟಿಯಾಗಿ ಕುಂಡದಲ್ಲಿ ನೆಟ್ಟರೆ ಏಳಿಗೆಯಾಗದು.

4. ಗಿಡ ಕೀಳುವ ವಿಧಾನ

ಅನುಮತಿ ದೊರೆತ ಮಾತ್ರಕ್ಕೆ ಆತುರಪಡುವಂತಿಲ್ಲ. ಆಲದ ಜಾತಿಯ ಗಿಡಗಳನ್ನು ಮುಂಗಾರು ಹಿಡಿದ ನಂತರ, ಜೂನ್-ಜುಲೈ ತಿಂಗಳುಗಳಲ್ಲಿ ಕೀಳುವುದು ಸೂಕ್ತ. ಎಲೆ ಉದುರಿಸುವ ಜಾತಿಗಳನ್ನು ಹೊಸ ಚಿಗುರು ಒಡೆಯುವ ಮೊದಲು ತೆಗೆಯಬೇಕು.

ದೊಡ್ಡ ಗಿಡವಾದಲ್ಲಿ ಒಂದು ವರ್ಷ ಮುಂಚಿತವಾಗಿ ಬುಡದ ಅರ್ಧ ಸುತ್ತಿಗೆ ಕಂದಕ ತೋಡಿ, ದಪ್ಪ ಬೇರುಗಳನ್ನು ಹರಿತವಾದ ಗರಗಸದಿಂದ ಕತ್ತರಿಸಿ, ಮಣ್ಣು ಮುಚ್ಚಿ ಬಿಡಬೇಕು. ಬುಡದ ಬಳಿ ಹೊಸ ನಾರುಬೇರುಗಳು ಮೂಡಿದ ನಂತರವೇ ಉಳಿದ ಅರ್ಧವನ್ನು ಕತ್ತರಿಸಿ ಗಿಡವನ್ನು ಎತ್ತಬೇಕು. ಬೇರಿಗಂಟಿದ ಮಣ್ಣನ್ನು ಉದುರಿಸದೆ ಒದ್ದೆ ಗೋಣಿಚೀಲದಲ್ಲಿ ಸುತ್ತಿ ಅದೇ ದಿನ ನೆಡಬೇಕು. ತೋಡಿದ ಗುಂಡಿಯನ್ನು ಮುಚ್ಚುವುದು ಸಂಗ್ರಹಕಾರರ ಜವಾಬ್ದಾರಿಯಾಗಿರುತ್ತದೆ.

ನೆಟ್ಟ ಗಿಡವನ್ನು ನೆರಳಿನಲ್ಲಿರಿಸಿ, ಹೊಸ ಚಿಗುರು ಬಲಿಯುವವರೆಗೆ ಗೊಬ್ಬರ ಹಾಕಬಾರದು. ಕನಿಷ್ಠ ಒಂದು ವರ್ಷ ದೊಡ್ಡ ಕುಂಡದಲ್ಲಿಯೇ ಬಿಟ್ಟು, ನಂತರವಷ್ಟೇ ಬೋನ್ಸಾಯ್ ತಟ್ಟೆಗೆ ವರ್ಗಾಯಿಸಬೇಕು. ಬಂಡೆಯ ಬಿರುಕಿನ ಆಳಕ್ಕೆ ಒಂದೇ ತಾಯಿಬೇರು ಇಳಿಸಿ, ಬುಡದಲ್ಲಿ ನಾರುಬೇರಿಲ್ಲದ ಗಿಡಗಳು ಉಳಿಯುವುದು ಅಪರೂಪ; ಅಂತಹವನ್ನು ಇದ್ದಲ್ಲಿಯೇ ಬಿಡುವುದು ಒಳಿತು.

5. ಗಿಡ ಕೀಳದೆಯೇ ಪಡೆಯುವ ಮಾರ್ಗ

ಆಲ, ಬಸರಿ ಮುಂತಾದ ಜಾತಿಗಳಲ್ಲಿ ಗೂಟಿ ವಿಧಾನ ಸುಲಭವಾಗಿ ಫಲಿಸುತ್ತದೆ. ಮಾಲೀಕರ ಒಪ್ಪಿಗೆ ಪಡೆದು, ಆಕಾರ ಚೆನ್ನಾಗಿರುವ ಕೊಂಬೆಯಲ್ಲಿ ಸುಮಾರು 3 ಸೆಂ.ಮೀ. ಅಗಲದ ತೊಗಟೆಯನ್ನು ಬಳೆಯಾಕಾರದಲ್ಲಿ ತೆಗೆದು, ಒದ್ದೆ ತೆಂಗಿನ ನಾರಿನ ಪುಡಿಯನ್ನು ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಕಟ್ಟಬೇಕು. ಮಳೆಗಾಲದಲ್ಲಿ ಸುಮಾರು 6ರಿಂದ 8 ವಾರಗಳಲ್ಲಿ ಬೇರು ಮೂಡುತ್ತದೆ. ಬೇರು ತುಂಬಿದ ನಂತರ ಕೊಂಬೆಯನ್ನು ಕತ್ತರಿಸಿ ಕುಂಡದಲ್ಲಿ ನೆಡಬಹುದು. ದಪ್ಪ ಕಾಂಡದ ಗಿಡವೂ ದೊರೆಯುತ್ತದೆ, ತಾಯಿಮರವೂ ಉಳಿಯುತ್ತದೆ.

6. ಹೆಚ್ಚಿನ ಮಾಹಿತಿ

ಸಸಿಗಳನ್ನು ಅರಣ್ಯ ಇಲಾಖೆ ಹಾಗೂ ತೋಟಗಾರಿಕೆ ಇಲಾಖೆಯ ಸಸ್ಯಕ್ಷೇತ್ರಗಳಿಂದ ಖರೀದಿಸಬಹುದು; ರಸೀದಿಯನ್ನು ಜೋಪಾನವಾಗಿಡತಕ್ಕದ್ದು. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಬೆಳೆದ ಬೋನ್ಸಾಯ್ ಗಿಡಗಳನ್ನು ವೀಕ್ಷಿಸಬಹುದಾಗಿದೆ. ಯಾವುದೇ ಸ್ಥಳವು ಅರಣ್ಯ ವ್ಯಾಪ್ತಿಗೆ ಸೇರುವುದೇ ಎಂಬ ಸಂದೇಹವಿದ್ದಲ್ಲಿ, ಗಿಡವನ್ನು ಮುಟ್ಟುವ ಮೊದಲು ಸಮೀಪದ ವಲಯ ಅರಣ್ಯಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸತಕ್ಕದ್ದು.