ಹೆಸರಿಗಿಟ್ಟ ಕುಂಕುಮ

ಬೆಳಗಾವಿಯ ನಮ್ಮ ಮನೆಯ ಪೆಟ್ಟಿಗೆಯಲ್ಲಿ ಅಜ್ಜಿಗೆ ಬಂದ ಹಳೆಯ ಕಾಗದಗಳಿವೆ. ಮೊದಲಿನವುಗಳಲ್ಲಿ ಅವಳು ‘ಸೌ.’, ಎಂದರೆ ಸೌಭಾಗ್ಯವತಿ. ಅಜ್ಜ ತೀರಿಕೊಂಡ ಮೇಲಿನವುಗಳಲ್ಲಿ, ಮರಾಠಿ ರೂಢಿಯಂತೆ, ‘ಗಂ. ಭಾ.’, ಎಂದರೆ ಗಂಗಾಭಾಗೀರಥಿ. ಹಣೆಯ ಕುಂಕುಮದೊಡನೆ ಹೆಸರಿನ ಕುಂಕುಮವೂ ಅಳಿಯಿತು. ಹೆಂಡತಿ ಸತ್ತ ಗಂಡಸು ಮಾತ್ರ ಅಂದಿಗೂ ‘ಶ್ರೀ’, ಇಂದಿಗೂ ‘ಶ್ರೀ’.

ಇಂಗ್ಲೆಂಡಿನಲ್ಲಿ ಇಂಥ ಭೇದ ಬೆಳೆದ ಬಗೆ ನೋಡಿ. ‘ಮಿಸೆಸ್’ ಎಂಬುದು ‘ಮಿಸ್ಟ್ರೆಸ್’ ಶಬ್ದದ ಸಂಕ್ಷೇಪ. 18ನೆಯ ಶತಮಾನದಲ್ಲಿ ಅಂಗಡಿ ನಡೆಸುವ ಅವಿವಾಹಿತೆಯೂ ‘ಮಿಸೆಸ್’ ಎನಿಸಿಕೊಳ್ಳುತ್ತಿದ್ದಳು. ಅದು ಯಜಮಾನಿಕೆಯ ಗುರುತಾಗಿತ್ತು. ಮದುವೆಯ ಅರ್ಥ ಅದಕ್ಕೆ ಗಟ್ಟಿಯಾಗಿ ಅಂಟಿದ್ದು ಆಮೇಲೆ. ಆ ಅಂಟು ಬಿಡಿಸಲೆಂದು 1901ರಲ್ಲಿ ಅಮೆರಿಕದ ಪತ್ರಿಕೆಯೊಂದು ‘ಮಿಜ್’ ಎಂಬ ರೂಪವನ್ನು ಸೂಚಿಸಿತು.

ನಮ್ಮ ‘ಶ್ರೀಮತಿ’ಗೂ ಮೂಲದಲ್ಲಿ ‘ಶ್ರೀಯುಳ್ಳವಳು’ ಎಂದಷ್ಟೇ ಅರ್ಥ. ಗಂಡನ ಮಾತೇ ಅದರಲ್ಲಿಲ್ಲ. ಅಜ್ಜಿಯ ಕಾಗದಗಳಿಗೆಲ್ಲ, ಮೊದಲಿನಿಂದ ಕೊನೆಯವರೆಗೆ, ಅದೊಂದೇ ಸಾಕಾಗುತ್ತಿತ್ತು.