ಪಹಣಿಯ ಹೆಸರು, ಅಟ್ಟದ ಕೊಬ್ಬರಿ: ತಿಪಟೂರು ಸೀಮೆಯಲ್ಲಿ ಬೆಂಬಲ ಬೆಲೆಯ ಹಕ್ಕುದಾರರು ಯಾರು?

ಸಾರಾಂಶ: ಕೊಬ್ಬರಿಯ ಬೆಂಬಲ ಬೆಲೆ ತಲುಪುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಭೂಕಂದಾಯ ಕಾನೂನು ಪಹಣಿಗೆ ಕೊಟ್ಟಿರುವ ಬಲಕ್ಕಿಂತ ಖರೀದಿ ಕೇಂದ್ರದಲ್ಲಿ ಅದಕ್ಕೆ ಸಿಗುತ್ತಿರುವ ಬಲ ದೊಡ್ಡದು ಎಂಬುದು ಈ ಲೇಖನದ ವಾದ.

1. ಅಟ್ಟದ ದುಡಿಮೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಉಂಡೆ ಕೊಬ್ಬರಿ ಅಟ್ಟದ ಮೇಲೆ ರೂಪುಗೊಳ್ಳುತ್ತದೆ. ಬಲಿತ ಕಾಯನ್ನು ಸಿಪ್ಪೆ ಸಮೇತ ಎಂಟರಿಂದ ಹನ್ನೆರಡು ತಿಂಗಳು ಪೇರಿಸಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಗಡಗಡ ಸದ್ದು ಮಾಡತೊಡಗಿದ ಮೇಲೆ ಸಿಪ್ಪೆ ಸುಲಿದು, ಉಂಡೆ ಒಡೆಯದ ಹಾಗೆ ಚಿಪ್ಪು ಬಿಡಿಸಬೇಕು. ಹೀಗೆ ಒಂದೊಂದು ಚೀಲದ ಹಿಂದೆಯೂ ಮನೆಮಂದಿಯ, ಕೂಲಿಯವರ, ಬಹಳಷ್ಟು ಕಡೆ ಹೆಂಗಸರ ದುಡಿಮೆಯಿದೆ.

ಈ ದುಡಿಮೆಗೆ ಮಾರುಕಟ್ಟೆ ಕೊಡುವ ಬೆಲೆ ಸ್ಥಿರವಲ್ಲ. 2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 11,750 ರೂಪಾಯಿ ಬೆಂಬಲ ಬೆಲೆ ಇದ್ದಾಗ ಮಾರುಕಟ್ಟೆ ದರ 10,000ಕ್ಕಿಂತ ಕೆಳಗಿಳಿದಿತ್ತು. 2024ರಲ್ಲಿ 12,000 ರೂಪಾಯಿ ಬೆಂಬಲ ಬೆಲೆಯ ಮೇಲೆ ರಾಜ್ಯ ಸರ್ಕಾರ 1,500 ರೂಪಾಯಿ ಸೇರಿಸಿತು. 2025ರಲ್ಲಿ ಬೆಂಬಲ ಬೆಲೆ 12,100 ಇದ್ದರೆ, ಮಾರುಕಟ್ಟೆ ದರ ಅದರ ಎರಡು ಪಟ್ಟನ್ನೂ ದಾಟಿತು. ಬೆಂಬಲ ಬೆಲೆ ಬೇಕಾಗುವುದು ದರ ಕುಸಿದ ವರ್ಷದಲ್ಲಿ. ಅಂಥ ವರ್ಷದಲ್ಲಿ ಅದು ಯಾರ ಕೈಗೆ ಸಿಗುತ್ತದೆ ಎಂಬುದೇ ಇಲ್ಲಿನ ಪ್ರಶ್ನೆ.

2. ಕಾನೂನಿನ ಮೂರು ಗಂಟುಗಳು

ಮೊದಲನೆಯದು ಪಹಣಿ. ಬೆಂಬಲ ಬೆಲೆಗೆ ಕೊಳ್ಳುವ ಕೇಂದ್ರ ಸಂಸ್ಥೆ ನಾಫೆಡ್ ಪರವಾಗಿ ನಡೆಯುವ ಖರೀದಿಗೆ, ರಾಜ್ಯದ ರೈತರ ನೋಂದಣಿ ವ್ಯವಸ್ಥೆಯಾದ ಫ್ರೂಟ್ಸ್‌ನ ಗುರುತಿನ ಸಂಖ್ಯೆ ಬೇಕು. ಅದರ ಬುಡ ಪಹಣಿ. ಎಷ್ಟು ಕೊಬ್ಬರಿ ಕೊಡಬಹುದು ಎಂಬ ಮಿತಿಯೂ ಎಕರೆ ಲೆಕ್ಕದ್ದು. ಆದರೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಕಲಮಿನ ಪ್ರಕಾರ ಪಹಣಿಯ ನಮೂದು ತಪ್ಪೆಂದು ರುಜುವಾಗುವವರೆಗೆ ಮಾತ್ರ ಸರಿಯೆಂಬ ಊಹೆ. ನ್ಯಾಯಾಲಯದಲ್ಲಿ ಪ್ರಶ್ನಿಸಬಹುದಾದ ಈ ಊಹೆ ಖರೀದಿ ಕೇಂದ್ರದಲ್ಲಿ ಕೊನೆಯ ಮಾತಾಗುತ್ತದೆ.

ಎರಡನೆಯದು ಗೇಣಿ. 1961ರ ಭೂಸುಧಾರಣಾ ಕಾಯ್ದೆಗೆ ಬಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿಯನ್ನು ರದ್ದುಗೊಳಿಸಿ, ಸೈನಿಕರಂಥ ಕೆಲವರನ್ನು ಬಿಟ್ಟು ಉಳಿದವರು ಜಮೀನು ಗೇಣಿಗೆ ಕೊಡುವುದನ್ನು ನಿಷೇಧಿಸಿತು. ಉಳುವವನಿಗೆ ಭೂಮಿ ಕೊಟ್ಟ ಆ ದೊಡ್ಡ ಹೆಜ್ಜೆಯ ಮಹತ್ವ ಕಡಿಮೆಯೇನಲ್ಲ. ಆದರೆ ಇಂದು ಬಾಯಿಮಾತಿನ ಮೇಲೆ ತೋಟವನ್ನು ವಾರಕ್ಕೆ, ಅಂದರೆ ಫಸಲಿನ ಪಾಲಿಗೆ, ಮಾಡುವವರು ತಮ್ಮ ಸಾಗುವಳಿಯನ್ನು ದಾಖಲೆಯಲ್ಲಿ ತೋರಿಸಲಾರರು.

ಮೂರನೆಯದು ವಾರಸುದಾರಿಕೆ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದ ಪಾಲಿದೆ ಎಂದು ಕರ್ನಾಟಕ 1994ರಲ್ಲೇ ಒಪ್ಪಿತು. 2005ರಲ್ಲಿ ಇದು ದೇಶದ ಕಾನೂನಾಯಿತು. ಖಾತೆ ಅಣ್ಣನ ಹೆಸರಿನಲ್ಲೋ ತೀರಿಹೋದ ಅಜ್ಜನ ಹೆಸರಿನಲ್ಲೋ ಉಳಿದಿದ್ದರೆ, ಕಾನೂನು ಕೊಟ್ಟ ಪಾಲು ಕೊಬ್ಬರಿ ಮಾರುವ ಹಕ್ಕಾಗಿ ಬದಲಾಗುವುದಿಲ್ಲ.

3. ಸಂಶೋಧನೆಯ ದಿಕ್ಕು

ಕರ್ನಾಟಕದ ಏಕೀಕೃತ ಆನ್‌ಲೈನ್ ಮಾರುಕಟ್ಟೆಯ ಬಗ್ಗೆ ಲೆವಿ, ರಾಜನ್, ಸಿಂಘ್ವಿ ಮತ್ತು ಝೆಂಗ್ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಭತ್ತ, ಶೇಂಗಾ, ಮೆಕ್ಕೆಜೋಳದ ದರ ಶೇ 3.5ರಿಂದ 5.1ರಷ್ಟು ಏರಿತು. ಹತ್ತಿ, ಹೆಸರು, ತೊಗರಿಯಲ್ಲಿ ಗಮನಾರ್ಹ ಏರಿಕೆ ಕಾಣಲಿಲ್ಲ. ದರವನ್ನು ಇಷ್ಟು ಖಚಿತವಾಗಿ ಅಳೆಯುವ ವಿಧಾನ ಬಹಳ ಬೆಲೆಯುಳ್ಳದ್ದು. ಆದರೆ ಆ ದರದ ಹಣ ಒಂದು ಮನೆಯೊಳಗೆ ಯಾರಿಗೆ ಸೇರಿತು ಎಂದು ತಿಳಿಯಲು ಅರ್ಥಶಾಸ್ತ್ರದ ಜೊತೆ ಕಾನೂನು ಮತ್ತು ಸಮಾಜಶಾಸ್ತ್ರ ಕೂರಬೇಕು. ಮಾರುಕಟ್ಟೆಯ ಟೆಂಡರ್ ದಾಖಲೆ, ಪಹಣಿ, ಅಟ್ಟ ಮೂರನ್ನೂ ಒಟ್ಟಿಗೆ ಓದಬೇಕು.

4. ಉಪಸಂಹಾರ

ಪಹಣಿಯನ್ನು ಕೈಬಿಡಬೇಕೆಂಬುದು ಇಲ್ಲಿನ ವಾದವಲ್ಲ. ರೈತರ ಹೆಸರಿನಲ್ಲಿ ವರ್ತಕರು ನುಸುಳದಂತೆ ತಡೆಯಲು ದಾಖಲೆ ಬೇಕೇ ಬೇಕು. ಆದರೆ ಅದೊಂದನ್ನೇ ಪುರಾವೆಯಾಗಿ ಹಿಡಿಯಬಾರದು. ಹೊಲಕ್ಕೇ ಹೋಗಿ ಮಾಡುವ ಬೆಳೆ ಸಮೀಕ್ಷೆಯಲ್ಲಿ ಸಾಗುವಳಿ ಮಾಡುವವರ ಹೆಸರನ್ನೂ ಬರೆದುಕೊಂಡು, ಜಮೀನಿನ ಒಡೆತನಕ್ಕೆ ಧಕ್ಕೆಯಿಲ್ಲವೆಂಬ ಷರತ್ತಿನೊಂದಿಗೆ ಅದನ್ನು ಖರೀದಿಗಷ್ಟೇ ಮಾನ್ಯ ಮಾಡಬಹುದು. ಖರೀದಿ ಹಂಗಾಮಿಗೆ ಮುನ್ನವೇ, ತೀರಿಹೋದವರ ಹೆಸರಿನಿಂದ ವಾರಸುದಾರರಿಗೆ ಬದಲಾಗಬೇಕಾದ ಪೌತಿ ಖಾತೆಗಳನ್ನು ಇತ್ಯರ್ಥ ಮಾಡಬೇಕು. ಬೆಂಬಲ ಬೆಲೆ ಬೆಳೆದವರಿಗೆ ಸಲ್ಲಬೇಕಾದದ್ದು. ಅವರನ್ನು ಹುಡುಕಿ ಗುರುತಿಸುವ ಹೊಣೆ ಆಡಳಿತದ್ದು.